ಬಾಯಿ ಬಿಡದ ಆರನೆಯವಳು

ಶಾಲೆಯಲ್ಲಿ ಮಕ್ಕಳಿಗೆ ಗುಂಪಿನ ಯೋಜನೆ ಕೊಟ್ಟರೆ ಏನಾಗುತ್ತದೆಂಬುದು ಪಾಠ ಹೇಳುವವರಿಗೆಲ್ಲ ಗೊತ್ತು. ಅಕ್ಷರ ದುಂಡಗಿರುವ ಹುಡುಗಿ ಇಡೀ ಚಾರ್ಟನ್ನು ಬರೆಯುತ್ತಾಳೆ. ಅಪ್ಪನ ಅಂಗಡಿಯಿರುವ ಹುಡುಗ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ತಂದುಕೊಡುತ್ತಾನೆ. ಇನ್ನೊಬ್ಬ ಗೋಂದು ಹಚ್ಚುತ್ತಾನೆ. ಉಳಿದಿಬ್ಬರ ಹೆಸರು ಮಾತ್ರ ಕೆಳಗೆ ಮೂಲೆಯಲ್ಲಿ ಕಾಣುತ್ತದೆ. ಅಂಕ ಐವರಿಗೂ ಒಂದೇ! ರೂಪಣಾತ್ಮಕ ಮೌಲ್ಯಮಾಪನ ಎಂಬ ಭಾರಿ ಹೆಸರಿನ ಹಾಳೆಗಳನ್ನು ತುಂಬುತ್ತ ನಾವು ಅಧ್ಯಾಪಕಿಯರು ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ನಗುವುದುಂಟು. ನಗುವುದು ನಮಗೆ ಸುಲಭ. ಹೊಯ್ಸಳರ ಚಾರ್ಟಿನಲ್ಲಿ ಒಂದು ಇಸವಿ ತಪ್ಪಿದರೆ ಯಾರ ಪ್ರಾಣವೂ ಹೋಗುವುದಿಲ್ಲ.

ಆದರೆ ಈ ಪ್ರಶ್ನೆ ಪ್ರಾಣಕ್ಕೆ ಸಂಬಂಧಪಟ್ಟ ಓದಿನಲ್ಲಿ ಎದುರಾದರೆ? ನಾಲ್ಕಾರು ಜನ ಕೂಡಿ ಕಲಿಯುವಾಗ ಒಬ್ಬಳು ಸುಮ್ಮನೆ ಕೂತರೆ ಅದು ಯಾರ ತಪ್ಪು? ಅವಳಿಗೆ ಸಮಪಾಲು ಅಂಕ ಕೊಡುವುದು ಕರುಣೆಯೋ, ಸುಳ್ಳೋ? ಈ ಜಿಜ್ಞಾಸೆಯನ್ನು ನನ್ನ ತಲೆಗೆ ಹಚ್ಚಿದವಳು ನನ್ನ ತಂಗಿಯ ಮಗಳು. ಅವಳು ಫಾರ್ಮ್ ಡಿ ಮೂರನೆಯ ವರ್ಷದಲ್ಲಿದ್ದಾಳೆ. ಫಾರ್ಮ್ ಡಿ ಎಂದರೆ ಬಿ.ಫಾರ್ಮ ಅಲ್ಲ, ಆರು ವರ್ಷದ ಬೇರೆ ಓದು. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾಯಿತು. ಐದು ವರ್ಷ ಕಾಲೇಜು, ಆರನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ ತರಬೇತಿ. ಮಾತ್ರೆ ತಯಾರಿಸುವುದಕ್ಕಿಂತ ಅದು ರೋಗಿಯ ಮೈಯಲ್ಲಿ ಏನು ಮಾಡುತ್ತದೆ, ಅವನು ಅದನ್ನು ಸರಿಯಾಗಿ ತೆಗೆದುಕೊಳ್ಳುತ್ತಿದ್ದಾನೆಯೇ ಎಂದು ನೋಡುವುದಕ್ಕೆ ಇಲ್ಲಿ ಹೆಚ್ಚು ಒತ್ತು.

ಅವಳ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರು ತಮ್ಮ ವಿಷಯವನ್ನು ತಂಡಗಳ ಮೂಲಕ ಕಲಿಸುತ್ತಾರೆ. ಈ ಪದ್ಧತಿ ಹುಟ್ಟಿದ್ದು ಅಮೆರಿಕದ ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ, 1970ರ ದಶಕದ ಕೊನೆಯಲ್ಲಿ. ಲ್ಯಾರಿ ಮೈಕೆಲ್ಸನ್ ಎಂಬ ವಾಣಿಜ್ಯಶಾಸ್ತ್ರದ ಪ್ರಾಧ್ಯಾಪಕರ ತರಗತಿಯಲ್ಲಿ ನಲವತ್ತು ಮಂದಿ ಇದ್ದದ್ದು ಒಮ್ಮೆಗೇ ನೂರಿಪ್ಪತ್ತಾಯಿತಂತೆ. ಭಾಷಣ ಬಿಗಿದು ಕೈತೊಳೆದುಕೊಳ್ಳಲು ಅವರಿಗೆ ಮನಸ್ಸಾಗಲಿಲ್ಲ. ತರಗತಿಯನ್ನು ಆರೇಳು ಜನರ ತಂಡಗಳಾಗಿ ಒಡೆದರು. ಗೆಳೆಯರು ಗೆಳೆಯರೇ ಸೇರಿಕೊಳ್ಳುವ ಹಾಗಿಲ್ಲ, ತಂಡ ಕಟ್ಟುವವರು ಅಧ್ಯಾಪಕರೇ. ಒಮ್ಮೆ ಕಟ್ಟಿದ ಮೇಲೆ ಅವಧಿ ಮುಗಿಯುವವರೆಗೆ ಅದೇ ತಂಡ. ಹೆಣ್ಣು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಕೊಟ್ಟ ಮನೆಯ ಹಾಗೆ! ಮುಂದೆ ಈ ಪದ್ಧತಿ ವೈದ್ಯಕೀಯ ಕಾಲೇಜುಗಳಿಗೂ ಫಾರ್ಮಸಿ ಕಾಲೇಜುಗಳಿಗೂ ಹಬ್ಬಿತು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದ ಫಾರ್ಮಸಿ ವಿಭಾಗ ತನ್ನ ಪಠ್ಯಕ್ರಮವನ್ನೇ ಇದಕ್ಕೆ ಹೊಂದಿಸಿಕೊಂಡಿತು.

ನಡೆಯುವ ಕ್ರಮ ಹೀಗೆ. ಪಾಠವನ್ನು ಮನೆಯಲ್ಲೇ ಓದಿಕೊಂಡು ಬರಬೇಕು. ತರಗತಿಗೆ ಬಂದೊಡನೆ ಒಂದು ಕಿರುಪರೀಕ್ಷೆ, ಒಬ್ಬೊಬ್ಬರೂ ತಾವೇ ಬರೆಯಬೇಕು. ಆ ಹಾಳೆ ಕೊಟ್ಟ ಮೇಲೆ ಅದೇ ಪ್ರಶ್ನೆಗಳಿಗೆ ತಂಡವಾಗಿ ಉತ್ತರ. ಈ ಬಾರಿ ಕೈಯಲ್ಲಿರುವುದು ಉಜ್ಜುವ ಕಾರ್ಡು. ಹಿಂದೆ ಮೊಬೈಲಿಗೆ ದುಡ್ಡು ಹಾಕಿಸಲು ನಾಣ್ಯದಲ್ಲಿ ಉಜ್ಜುತ್ತಿದ್ದೆವಲ್ಲ, ಅಂಥದು. ನಾಲ್ಕು ಉತ್ತರಗಳಲ್ಲಿ ತಂಡ ಒಪ್ಪಿದ ಒಂದನ್ನು ಉಜ್ಜಿದರೆ, ಸರಿಯಿದ್ದಲ್ಲಿ ಒಳಗೊಂದು ನಕ್ಷತ್ರ. ಇಲ್ಲದಿದ್ದರೆ ಖಾಲಿ. ಮತ್ತೆ ಚರ್ಚೆ, ಮತ್ತೆ ಉಜ್ಜು. ಮೊದಲ ಸಲಕ್ಕೇ ನಕ್ಷತ್ರ ಕಂಡರೆ ಪೂರ್ಣ ಅಂಕ, ಆಮೇಲೆ ಇಳಿಯುತ್ತ ಹೋಗುತ್ತದೆ. ಕೊನೆಗೆ ಬರುವುದು ನಿಜವಾದ ಪರೀಕ್ಷೆ, ಒಬ್ಬ ರೋಗಿಯ ಕಥೆ. ಎಲ್ಲ ತಂಡಗಳಿಗೂ ಅದೇ ಕಥೆ, ಅದೇ ನಾಲ್ಕು ಉತ್ತರಗಳು. ಅಧ್ಯಾಪಕರು 'ಹೂಂ' ಎಂದೊಡನೆ ಎಲ್ಲ ತಂಡಗಳೂ ಏಕಕಾಲಕ್ಕೆ ತಮ್ಮ ಅಕ್ಷರದ ಕಾರ್ಡನ್ನು ಎತ್ತಿ ಹಿಡಿಯಬೇಕು. ಪಕ್ಕದವರನ್ನು ನೋಡಿ ಬದಲಾಯಿಸುವಂತಿಲ್ಲ. ಆಮೇಲೆ ಏಕೆ ಹಾಗೆ ಹೇಳಿದಿರಿ ಎಂದು ಒಬ್ಬರನ್ನೊಬ್ಬರು ಜಗ್ಗಾಡಬೇಕು. ಕೇಳುತ್ತ ಕೇಳುತ್ತ ನನಗೆ ಈ ವಯಸ್ಸಿನಲ್ಲೂ ಹೋಗಿ ಕೂತು ಕಾರ್ಡು ಎತ್ತುವ ಆಸೆಯಾಯಿತು.

ನಮ್ಮ ಹುಡುಗಿಯ ದೂರು ಮಾತ್ರ ಬೇರೆ. "ದೊಡ್ಡಮ್ಮ, ನಮ್ಮ ತಂಡದಲ್ಲಿ ಆರು ಜನ. ಐದು ಜನ ಬಡ್ಕೋತೀವಿ. ಆರನೆಯವಳು ಬಾಯೇ ಬಿಡಲ್ಲ. ಈಗ ನಾವು ಒಬ್ಬರಿಗೊಬ್ಬರು ಅಂಕ ಕೊಡಬೇಕಂತೆ. ಐದು ಜನಕ್ಕೆ ಐವತ್ತು ಅಂಕ ಹಂಚಬೇಕು, ಎಲ್ಲರಿಗೂ ಹತ್ತತ್ತು ಅಂತ ಬರೆಯೋ ಹಾಗಿಲ್ಲ. ಒಬ್ಬರಿಗಾದರೂ ಹನ್ನೊಂದು, ಒಬ್ಬರಿಗಾದರೂ ಒಂಬತ್ತು ಇರಲೇಬೇಕು. ಅವಳಿಗೆ ಒಂಬತ್ತಲ್ಲ, ಆರು ಕೊಡೋಣ ಅಂತಿದೀನಿ. ತಪ್ಪಾ?"

ಈ ನಿಯಮ ಅವರ ಕಾಲೇಜಿನವರ ಕಲ್ಪನೆಯಲ್ಲ, ಮೈಕೆಲ್ಸನ್ನರ ಪದ್ಧತಿಯಲ್ಲೇ ಇರುವ ಒಂದು ಬಗೆ. ಎಲ್ಲರಿಗೂ ಸಮನಾಗಿ ಕೊಡಬಿಟ್ಟರೆ ನಾವೆಲ್ಲ ಹಾಗೇ ಕೊಟ್ಟು ಎದ್ದುಬಿಡುತ್ತೇವೆ ಎಂಬುದು ಅವರಿಗೂ ಗೊತ್ತಿದ್ದಿರಬೇಕು. ನಮ್ಮ ಜನರ ದಾಕ್ಷಿಣ್ಯಕ್ಕೆ ಈ ನಿಯಮ ಬಲು ಕಷ್ಟದ್ದು. ಸಹಪಾಠಿಯ ಮೇಲೆ ಗುಟ್ಟಾಗಿ ಅಂಕ ಬರೆಯುವುದು ನಮ್ಮಲ್ಲಿ ಚಾಡಿ ಹೇಳಿದಂತೆ ಅನ್ನಿಸಿಬಿಡುತ್ತದೆ.

ಆದರೂ ದಾಕ್ಷಿಣ್ಯ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡಿ. ಗುಂಪಿನಲ್ಲಿ ಕಳ್ಳಬೀಳುವುದು ಮನುಷ್ಯಸ್ವಭಾವವೇ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಎಂಜಿನಿಯರು ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದ. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತ ಹೋಯಿತು. ಎಂಟು ಜನರಾಗುವ ಹೊತ್ತಿಗೆ ತಲಾ ಎಳೆತ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ತಾಳಕ್ಕೆ ಎಳೆಯದಿದ್ದದ್ದೂ ಇದಕ್ಕೆ ಕಾರಣವಿರಬಹುದು ಎಂದು ವಾದ ಬಂತು. ಆದರೆ 1979ರಲ್ಲಿ ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಕಣ್ಣು ಕಟ್ಟಿ, ಕಿವಿ ಮುಚ್ಚಿ, 'ನಿಮ್ಮ ಜೊತೆ ಇನ್ನೂ ಐವರು ಕೂಗುತ್ತಿದ್ದಾರೆ' ಎಂದು ನಂಬಿಸಿ ಕೂಗಿಸಿದರು. ನಿಜವಾಗಿ ಕೂಗುತ್ತಿದ್ದವರು ಒಬ್ಬರೇ. ಆದರೂ ಒಂಟಿಯೆಂದು ತಿಳಿದಾಗಿನಷ್ಟು ಜೋರಾಗಿ ಅವರು ಕೂಗಲಿಲ್ಲ. ಇದಕ್ಕೆ ಅಷ್ಟು ದೂರ ಹೋಗಬೇಕೇ? ಮದುವೆಮನೆಯಲ್ಲಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕೋಸಂಬರಿಯ ಬಕೆಟ್ಟಿನ ಪಕ್ಕ ಓಡಾಡುವ, ಒಂದು ಎಲೆಗೂ ಬಡಿಸದ ಗಂಡಸರನ್ನು ನೀವು ನೋಡಿಲ್ಲವೇ!

ಆದ್ದರಿಂದ 'ಹೋಗಲಿ ಬಿಡೇ, ಎಲ್ಲರಿಗೂ ಹತ್ತು ಕೊಡುವ ದಾರಿ ಹುಡುಕು' ಎಂದು ನಾನು ಹೇಳಲಿಲ್ಲ. ಸ್ತ್ರೀಶಕ್ತಿ ಸಂಘಗಳು ಹುಟ್ಟಿದ ಹೊಸದರಲ್ಲಿ ನಮ್ಮ ಬೀದಿಯ ಸಂಘದ ಲೆಕ್ಕ ಬರೆದುಕೊಡಲು ನಾನು ಹೋಗುತ್ತಿದ್ದೆ. ಸಾಲದ ಕಂತು ಕಟ್ಟದವಳನ್ನು ಉಳಿದವರು ಮುಖ ನೋಡಿ ಕೇಳುತ್ತಿದ್ದರು. ಮನೆಯಲ್ಲಿ ಕಾಯಿಲೆ ಎಂದರೆ ತಮ್ಮದರಿಂದ ತುಂಬುತ್ತಿದ್ದರು. ಸುಮ್ಮನೆ ಕಟ್ಟಿಲ್ಲ ಎಂದರೆ ಬಿಡುತ್ತಿರಲಿಲ್ಲ. ಕೇಳುವುದೂ ಒಂದು ಬಗೆಯ ಮರ್ಯಾದೆ, ನೀನೂ ನಮ್ಮಲ್ಲಿ ಒಬ್ಬಳು ಎಂದು ಹೇಳುವ ರೀತಿ. ಕೇಳದೆ ಬಿಟ್ಟವಳನ್ನು ಸಂಘ ಲೆಕ್ಕದಿಂದ ತೆಗೆದ ಹಾಗೆಯೇ.

ಹಾಗಾಗಿ ನಾನು ಕೇಳಿದ್ದು ಇಷ್ಟು: "ಅವಳು ಓದಿಕೊಂಡು ಬರೋದಿಲ್ಲವೇನೇ?"

"ಅಯ್ಯೋ, ಓದದೆ ಏನು! ಒಬ್ಬೊಬ್ಬರೇ ಬರೆಯೋ ಟೆಸ್ಟಲ್ಲಿ ಅವಳಿಗೆ ಹತ್ತಕ್ಕೆ ಎಂಟು, ಒಂಬತ್ತು ಬರತ್ತೆ. ನನಗಿಂತ ಜಾಸ್ತಿ. ಅದಕ್ಕೇ ನನಗೆ ಸಿಟ್ಟು. ಗೊತ್ತಿದ್ದೂ ಹೇಳಲ್ಲ."

ಆಗ ನನಗೆ ಈ ಪ್ರಶ್ನೆ ಚಾರ್ಟಿನ ಮೂಲೆಯಲ್ಲಿ ಹೆಸರು ಬರೆಸಿಕೊಳ್ಳುವವರ ಪ್ರಶ್ನೆಯಲ್ಲ ಎಂದು ಹೊಳೆಯಿತು. ಹಗ್ಗ ಎಳೆಯದವನೇ ಬೇರೆ. ಎಳೆಯುವ ಶಕ್ತಿಯಿದ್ದು, ಹಗ್ಗದ ಹತ್ತಿರ ಜಾಗ ಸಿಕ್ಕದವಳೇ ಬೇರೆ. ದೂರದಿಂದ ನೋಡಿದವರಿಗೆ ಇಬ್ಬರೂ ಕೈಕಟ್ಟಿ ನಿಂತ ಹಾಗೆಯೇ ಕಾಣುತ್ತಾರೆ.

ಒಂದು ದಿನದ ಪಾಠವನ್ನು ವಿವರವಾಗಿ ಹೇಳು ಎಂದೆ. ಅಂದಿನ ಕಥೆ ಒಬ್ಬ ಅಜ್ಜನದು. ರುಮಟಾಯ್ಡ್ ಸಂಧಿವಾತ, ಬೆರಳ ಗೆಣ್ಣುಗಳೆಲ್ಲ ಊದಿಕೊಂಡಿವೆ. ವೈದ್ಯರು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಬರೆದಿದ್ದಾರೆ, ಜೊತೆಗೆ ಫೋಲಿಕ್ ಆಸಿಡ್. ಕೆಲವು ವಾರಗಳ ನಂತರ ಅಜ್ಜ ಔಷಧಿ ಅಂಗಡಿಗೆ ಬಂದು ಬಾಯಿಹುಣ್ಣಾಗಿದೆ, ಊಟ ಸೇರುತ್ತಿಲ್ಲ, ಏನಾದರೂ ಕೊಡಿ ಎನ್ನುತ್ತಾರೆ. ಫಾರ್ಮಸಿಸ್ಟ್ ಮೊದಲು ಏನು ಮಾಡಬೇಕು? ಎ, ಬಿ ಕಾಂಪ್ಲೆಕ್ಸ್ ಕೊಡುವುದು. ಬಿ, ಹುಣ್ಣಿಗೆ ಹಚ್ಚುವ ಮುಲಾಮು ಕೊಡುವುದು. ಸಿ, ಫೋಲಿಕ್ ಆಸಿಡ್ ಹೆಚ್ಚಿಸಲು ಹೇಳುವುದು. ಡಿ, ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ, ಆ ದಿನವೇ ವೈದ್ಯರ ಬಳಿಗೆ ಕಳಿಸುವುದು.

ಮೆಥೋಟ್ರೆಕ್ಸೇಟ್ ಕ್ಯಾನ್ಸರಿಗೂ ಕೊಡುವ ಮದ್ದು. ಸಂಧಿವಾತಕ್ಕೆ ಅದನ್ನು ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳ ಹಾಗೆ ದಿನಾ ನುಂಗಿಬಿಟ್ಟರೆ ಮೂಳೆಯೊಳಗೆ ರಕ್ತಕಣ ಹುಟ್ಟುವ ಕೆಲಸವೇ ಕುಗ್ಗುತ್ತದೆ, ಬಾಯಿ ಹುಣ್ಣಾಗುತ್ತದೆ, ಸೋಂಕು ತಗಲುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಆದ್ದರಿಂದ ಬಾಯಿಹುಣ್ಣು ಅಲ್ಲಿ ಬರಿಯ ಉಷ್ಣವಲ್ಲ, ಅಪಾಯದ ಸೂಚನೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಗಳಿಂದಾಗುವ, ತಪ್ಪಿಸಬಹುದಾದ ಕೇಡನ್ನು ಕಡಿಮೆ ಮಾಡಲೆಂದು ಒಂದು ದೊಡ್ಡ ಕಾರ್ಯಕ್ರಮವನ್ನೇ ಹಮ್ಮಿಕೊಂಡಿತು. ಕೇಡು ಬರುವುದು ಇಂಥ ಸಣ್ಣ ಸಂದಿಗಳಿಂದಲೇ. 'ವಾರಕ್ಕೆ' ಎಂಬುದನ್ನು ಯಾರೋ 'ದಿನಕ್ಕೆ' ಎಂದು ಓದಿಕೊಂಡರು, ಅಷ್ಟೇ. ಮನೆಯಲ್ಲಿ ಅತ್ತೆಗೋ ಅಮ್ಮನಿಗೋ ಈ ಮಾತ್ರೆ ಇದ್ದರೆ, ಯಾವ ವಾರ ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದಿಡಿ.

ನಮ್ಮ ಹುಡುಗಿಯ ತಂಡ ಎತ್ತಿದ್ದು ಸಿ ಕಾರ್ಡು. ಜಾಣರೇ ಬೀಳುವ ಗುಂಡಿ ಅದು. ಆ ಮದ್ದಿನ ಅಡ್ಡಪರಿಣಾಮ ಕಡಿಮೆಯಾಗಲೆಂದೇ ಫೋಲಿಕ್ ಆಸಿಡ್ ಕೊಡುವುದೆಂದು ಓದಿದ್ದರಲ್ಲ, ಹಾಗಾದರೆ ಅದನ್ನೇ ಹೆಚ್ಚಿಸೋಣ ಎಂದರು. ತಂಡದ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಅದನ್ನು ಎಷ್ಟು ಚೆನ್ನಾಗಿ ವಿವರಿಸಿದನೆಂದರೆ ಉಳಿದವರಿಗೆ ಎರಡನೆಯ ಮಾತೇ ಬೇಕಾಗಲಿಲ್ಲವಂತೆ.

"ಆರನೆಯವಳು ಆಗಲೂ ಏನೂ ಹೇಳಲಿಲ್ಲವೇ?" ಎಂದೆ.

ಅವಳು ತುಸು ತಡೆದಳು. "ಏನೋ ಅಂದಳು ದೊಡ್ಡಮ್ಮ. ಕನ್ನಡದಲ್ಲಿ. 'ತಾತ ದಿನಾ ನುಂಗ್ತಿದಾರೋ ಏನೋ, ಕೇಳಬೇಕಲ್ವಾ' ಅಂತ. ಅಷ್ಟರಲ್ಲಿ ಸರ್ ಕಾರ್ಡ್ ಎತ್ತಿ ಅಂದುಬಿಟ್ಟರು."

ನಾನು ಏನೂ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಅವಳ ಮುಖವೇ ಇಳಿದಿತ್ತು.

ಈಗ ಲೆಕ್ಕ ಹಾಕಿ. ಅಂದು ಆ ತಂಡದಲ್ಲಿ ಯಾರು 'ತೊಡಗಿಕೊಂಡಿದ್ದರು'? ಈ ತೊಡಗಿಕೊಳ್ಳುವಿಕೆ ಎಂಬ ಮಾತು ಇತ್ತೀಚೆಗೆ ಶಿಕ್ಷಣದವರ ಬಾಯಲ್ಲಿ ಬಹಳ ಓಡಾಡುತ್ತಿದೆ. ತರಬೇತಿಗೆ ಹೋದರೆ ಸಂಪನ್ಮೂಲ ವ್ಯಕ್ತಿಗಳು ಅದನ್ನೇ ಹತ್ತು ಸಲ ಹೇಳುತ್ತಾರೆ. ಎಷ್ಟು ಮಕ್ಕಳು ಕೈ ಎತ್ತಿದರು, ಎಷ್ಟು ಮಾತಾಡಿದರು ಎಂದು ಎಣಿಸುತ್ತಾರೆ. ನಮ್ಮ ಭಾಷೆ ಇದನ್ನು ಬೇರೆ ರೀತಿ ನೋಡುತ್ತದೆ. ನಾವು ಮಕ್ಕಳಿಗೆ 'ಮನಸ್ಸಿಟ್ಟು ಓದು' ಎನ್ನುತ್ತೇವೆ, 'ಕಿವಿಗೊಟ್ಟು ಕೇಳು' ಎನ್ನುತ್ತೇವೆ. ಬಾಯಿಯ ಮಾತು ಬಂದರೆ ಮಾತ್ರ 'ನಡುವೆ ಬಾಯಿ ಹಾಕಬೇಡ'! ಐವರು ಬಾಯಿ ಹಾಕಿದ್ದರು. ಆ ಅಜ್ಜನನ್ನು ಮನಸ್ಸಿಗೆ ತಂದುಕೊಂಡಿದ್ದವಳು ಒಬ್ಬಳೇ. ಅವಳಿಗೆ ಅದು ಕಾಗದದ ರೋಗಿಯಾಗಿರಲಿಲ್ಲ. ಓದುಬರಹ ಇಲ್ಲದ, ಕೊಟ್ಟ ಮಾತ್ರೆಯನ್ನೆಲ್ಲ ಬೆಳಗಾಗೆದ್ದು ಒಟ್ಟಿಗೆ ನುಂಗುವ ಅಜ್ಜಂದಿರನ್ನು ನೋಡಿ ಬೆಳೆದ ಹುಡುಗಿ ಇರಬೇಕು. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವಳಂತೆ.

ಹೀಗೆಂದು ಎಲ್ಲ ತಪ್ಪನ್ನೂ ಐವರ ತಲೆಗೆ ಕಟ್ಟಿ ಅವಳನ್ನು ಹೂವಿನ ಹಾಗೆ ಎತ್ತಿಡಲು ನನಗೆ ಮನಸ್ಸಿಲ್ಲ. ನಾಳೆ ಅವಳು ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲುತ್ತಾಳೆ. ವೈದ್ಯರು ಬರೆದ ಚೀಟಿಯಲ್ಲಿ ಪ್ರಮಾಣ ತಪ್ಪಿದೆ ಎಂದು ಕಂಡಾಗ, 'ಸಾರ್, ಇದನ್ನು ಇನ್ನೊಮ್ಮೆ ನೋಡುತ್ತೀರಾ' ಎಂದು ಕೇಳುವುದು ಅವಳ ಕೆಲಸ. ಆ ಸಾರ್ ಮೂವತ್ತು ವರ್ಷದ ಅನುಭವಸ್ಥರಿರಬಹುದು, ಮುಂಗೋಪಿಯಿರಬಹುದು. ಅಲ್ಲಿ ಅವಳು 'ಏನೋ ಅಂದು' ಸುಮ್ಮನಾದರೆ ಆಗದು. ನಮ್ಮ ಊರುಗಳ ಔಷಧಿ ಅಂಗಡಿಯ ವಿಷಯವಂತೂ ಕೇಳಲೇಬೇಡಿ. 1948ರ ಫಾರ್ಮಸಿ ಕಾಯಿದೆಯ ಪ್ರಕಾರ ವೈದ್ಯರ ಚೀಟಿಯ ಮೇಲೆ ಮದ್ದು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟು. ರೋಗಿಗೆ ತಿಳಿಸಿ ಹೇಳುವುದು ಅವರ ಕರ್ತವ್ಯವೆಂದು 2015ರ ನಿಯಮಗಳೂ ಹೇಳುತ್ತವೆ. ಆದರೆ ಸಂಜೆ ಏಳು ಗಂಟೆಯ ನೂಕುನುಗ್ಗಲಿನಲ್ಲಿ ಕೌಂಟರಿನ ಹಿಂದೆ ಇರುವವರು ಯಾರೋ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಸರ್ಟಿಫಿಕೇಟು ಯಾರದೋ! ಅಲ್ಲಿ ತಂಡವಿಲ್ಲ, ನಕ್ಷತ್ರ ತೋರಿಸುವ ಕಾರ್ಡಿಲ್ಲ. ಒಬ್ಬರೇ ನಿಂತು ಒಂದು ಪ್ರಶ್ನೆ ಕೇಳಬೇಕು ಅಥವಾ ಕೇಳದೆ ಮಾತ್ರೆ ಕತ್ತರಿಸಿ ಕೊಡಬೇಕು. ಗೊತ್ತಿರುವವಳ ಮೌನ ಅಲ್ಲಿ ವಿನಯವಾಗಿ ಉಳಿಯುವುದಿಲ್ಲ.

ಆದರೆ ಆ ಮೌನವನ್ನು ಕಲಿಸಿದವರು ಯಾರು? ಹೆಣ್ಣುಮಗು ಮಾತಾಡಿದರೆ ಬಜಾರಿ ಎನ್ನುತ್ತೇವೆ, ಮಾತಾಡದಿದ್ದರೆ ಎಷ್ಟು ಒಳ್ಳೆಯ ಹುಡುಗಿ ಎನ್ನುತ್ತೇವೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಕಪ್ಪು ಹಲಗೆಯ ಮೇಲೆ ಸುಭಾಷಿತ ಬರೆಯುತ್ತೇವೆ. ಹದಿನೆಂಟು ವರ್ಷ ಈ ಬಂಗಾರವನ್ನು ಕೂಡಿಡಲು ಹೇಳಿ, ಕಾಲೇಜಿನಲ್ಲಿ ಒಮ್ಮೆಗೇ 'ಈ ನಾಣ್ಯ ಚಲಾವಣೆಯಲ್ಲಿಲ್ಲ' ಎಂದು ಅಂಕ ಕಳೆದರೆ ಅದು ನ್ಯಾಯವೇ? ಇಂಗ್ಲಿಷಿನಲ್ಲಿ ಯೋಚನೆ ಜೋಡಿಸುವ ಹೊತ್ತಿಗೆ ಕಾರ್ಡು ಎತ್ತುವ ಸಮಯವೇ ಮುಗಿದರೆ ಅವಳು ಏನು ಮಾಡಬೇಕು? ಬೇಗ ಮಾತಾಡುವವರಿಗೆ ಬಹುಮಾನ ಕೊಡುವ ಪದ್ಧತಿ ಬೇಗ ಮಾತಾಡುವವರನ್ನೇ ಬೆಳೆಸುತ್ತದೆ. ರೋಗಿಗೆ ಬೇಕಾದವರು ಅವರೇ ಎಂದು ನನಗೆ ನಂಬಿಕೆಯಿಲ್ಲ.

ಹಾಗೆಂದು ತಂಡದ ಕಲಿಕೆಯೇ ಬೇಡ ಎನ್ನುವ ಸಹೋದ್ಯೋಗಿಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಸಾಲಾಗಿ ಕೂರಿಸಿ ಭಾಷಣ ಮಾಡುವ ತರಗತಿಯಲ್ಲಿ ಈ ಹುಡುಗಿ ಹತ್ತಕ್ಕೆ ಒಂಬತ್ತು ತೆಗೆದುಕೊಂಡು, ಚಿನ್ನದ ಪದಕವನ್ನೂ ಗೆದ್ದು, ಒಂದೇ ಒಂದು ಸಲವೂ ಎದುರಿನವರಿಗೆ 'ಅಲ್ಲ, ತಡೀರಿ' ಎನ್ನದೆ ಹೊರಬೀಳುತ್ತಿದ್ದಳು. ಅವಳ ಮೌನ ಯಾರಿಗೂ ಕಾಣುತ್ತಲೇ ಇರಲಿಲ್ಲ. ಐವರ ಕಿವುಡೂ ಕಾಣುತ್ತಿರಲಿಲ್ಲ. ಈ ಪದ್ಧತಿ ಅದನ್ನು ಹೊರಗೆ ಹಾಕಿತು. ಅದು ರೋಗಿಯಿಲ್ಲದ ಕೋಣೆಯಲ್ಲಿ, ಒಂದು ಕಾರ್ಡಿನ ನಷ್ಟದಲ್ಲಿ ಹೊರಬಿದ್ದದ್ದು ಒಳ್ಳೆಯದೇ ಆಯಿತಲ್ಲವೇ? ಅಂಕದ ವಿಷಯದಲ್ಲೂ ನನ್ನ ತಕರಾರು ಒಂಬತ್ತರ ಮೇಲಲ್ಲ. ಒಂಬತ್ತು ಕೊಡುವವಳು ಅವಳ ಎದುರಿಗೆ ಕೂತು ಒಮ್ಮೆಯಾದರೂ ಕೇಳಿರಬೇಕು. ಸಂಘದ ಹೆಂಗಸರು ಕಂತಿಗೆ ಕೇಳಿದ ಹಾಗೆ.

ಅಷ್ಟನ್ನು ಮಾತ್ರ ನಮ್ಮ ಹುಡುಗಿಗೆ ಹೇಳಿದೆ. ಆರು ಕೊಡುತ್ತೀಯೋ ಹನ್ನೊಂದು ಕೊಡುತ್ತೀಯೋ ನಿನ್ನ ಮನಸ್ಸಾಕ್ಷಿಗೆ ಬಿಟ್ಟದ್ದು, ಬರೆಯುವ ಮೊದಲು ಅವಳನ್ನು ಮಾತಾಡಿಸು ಎಂದೆ. "ಅವಳ ಪಕ್ಕ ಕೂತಿರೋಳು ನಾನೇ ದೊಡ್ಡಮ್ಮ, ಆದರೂ ಅವಳ ಊರು ಯಾವುದು ಅಂತ ಸರಿಯಾಗಿ ಗೊತ್ತಿಲ್ಲ" ಎಂದಳು.

ಅವಳು ರಜೆ ಮುಗಿಸಿ ಹೋದ ಮೇಲೆ ತಿಂಗಳ ಹೊತ್ತಿಗೆ ಫೋನು ಬಂತು. ತಂಡದಲ್ಲಿ ಒಂದು ಕಟ್ಟಳೆ ಮಾಡಿಕೊಂಡರಂತೆ. ಚರ್ಚೆಗೆ ಮುಂಚೆ ಆರು ಜನರೂ ತಮ್ಮ ತಮ್ಮ ಉತ್ತರವನ್ನು ಕಾಗದದ ಚೂರಿನ ಮೇಲೆ ಬರೆದು ಮೇಜಿನ ಮೇಲೆ ಇಡಬೇಕು. ಯಾರ ಉತ್ತರ ಬೇರೆಯಾಗಿದೆಯೋ ಅವರೇ ಮೊದಲು ಮಾತಾಡಬೇಕು, ಯಾವ ಭಾಷೆಯಲ್ಲಾದರೂ ಸರಿ. ಚೆನ್ನಾಗಿ ಇಂಗ್ಲಿಷ್ ಮಾತಾಡುವ ಹುಡುಗನಿಗೆ ಇದು ಅಷ್ಟಾಗಿ ಹಿಡಿಸಿಲ್ಲ, ಹೊತ್ತು ಹೋಗುತ್ತದೆ ಎನ್ನುತ್ತಾನೆ. ಹೊತ್ತು ಹೋಗುವುದೂ ನಿಜವಂತೆ. ಒಮ್ಮೆ ಎರಡು ಪ್ರಶ್ನೆಗಳು ಉಜ್ಜುವುದಕ್ಕೆ ಮೊದಲೇ ಗಂಟೆ ಹೊಡೆಯಿತು.

"ಅಂಕದ ಹಾಳೆ ಏನಾಯಿತೇ?" ಎಂದು ಕೇಳಿದೆ.

"ಯಾರಿಗೆ ಎಷ್ಟು ಅಂತ ಹೇಳೋ ಹಾಗಿಲ್ಲ ದೊಡ್ಡಮ್ಮ, ಗುಟ್ಟು." ಆಮೇಲೆ ತಾನೇ ಮುಂದುವರಿಸಿದಳು. ಹಾಳೆಯ ಕೊನೆಯಲ್ಲಿ ಸಹಪಾಠಿಗೆ ಒಂದು ಸಲಹೆ ಬರೆಯುವ ಜಾಗ ಇರುತ್ತದಂತೆ. ಬರೆದವರ ಹೆಸರು ತೆಗೆದು ಸಲಹೆಗಳನ್ನು ಅವರವರಿಗೆ ಕೊಡುತ್ತಾರೆ. ಇವಳಿಗೆ ಬಂದ ಐದರಲ್ಲಿ ನಾಲ್ಕು ಇಂಗ್ಲಿಷಿನಲ್ಲಿ, ಎಲ್ಲದರಲ್ಲೂ ಚೆನ್ನಾಗಿ ಮಾಡುತ್ತಿದ್ದೀಯ ಎಂಬ ಹೊಗಳಿಕೆ. ಐದನೆಯದು ಕನ್ನಡದಲ್ಲಿತ್ತು. 'ನಾನು ಹೇಳುವುದು ಮುಗಿಯುವ ಮೊದಲೇ ನೀನು ಗೊತ್ತಾಯಿತು ಅನ್ನುವ ಹಾಗೆ ತಲೆ ಆಡಿಸುತ್ತೀಯ. ಆಮೇಲೆ ನನಗೆ ಮುಂದಿನ ಮಾತು ಮರೆತುಹೋಗುತ್ತದೆ.'

"ಅವಳೇ ನನಗೆ ಒಂಬತ್ತು ಕೊಟ್ಟಿರಬೇಕು" ಎಂದಳು ನಮ್ಮ ಹುಡುಗಿ.

"ಕೊಟ್ಟಿರಬಹುದು" ಎಂದೆ.